ಪಂಚಮಿಗೆ ನಾಲವಾರಕ್ಕೆ ಹೋದ ಗುಳಿಗೆ

ದಂಡೋತಿಯ ಆಶಾ ಕಾರ್ಯಕರ್ತೆ ಸಾಬಮ್ಮನ ಹತ್ತಿರ ಯಾವ ಗಂಡಸೂ ನೇರವಾಗಿ ವಿಷಯ ಹೇಳುವುದಿಲ್ಲ. ಮೊದಲು ಮಳೆಯ ಮಾತು, ಆಮೇಲೆ ತೊಗರಿಯ ಮಾತು, ಕೊನೆಗೊಂದು ಕೆಮ್ಮು. ನಾಗರ ಪಂಚಮಿಯ ಹಿಂದಿನ ದಿನ ಭಾಗಣ್ಣನೂ ಬಾಗಿಲಲ್ಲಿ ನಿಂತು ಹಾಗೇ ಕೆಮ್ಮಿದ.

"ಏನಾಗ್ಯದ? ಬಾಯಿ ಬಿಡು."

"ಅಕ್ಕಾ, ನಿನ್ನಿ ಆ ಕಾಂಡೋಮ್ ಹರೀತ್ರಿ."

ಹರಿಯದೆ ಏನು ಮಾಡೀತು? ಅವ್ವನ ಕಣ್ಣಿಗೆ ಬೀಳಬಾರದೆಂದು ಪುಣ್ಯಾತ್ಮ ಅದನ್ನು ಎಲೆಅಡಿಕೆ ಸಂಚಿಯಲ್ಲಿ ಇಟ್ಟಿದ್ದ, ಅಡಕತ್ತರಿಯ ಪಕ್ಕದಲ್ಲೇ! ನಾನಾಗಿದ್ದರೆ ಎರಡು ಬಿಡುತ್ತಿದ್ದೆ. ಸಾಬಮ್ಮ ಬರೀ ಬೈದಳು, ನಗುತ್ತಲೇ.

"ನಿನ್ನ ಹೆಂಡ್ತಿ ಪ್ರೀತಿನ್ನ ಕಳಸು. ಗುಳಿಗಿ ಅದ. ಮೂರು ದಿನದಾಗ ನುಂಗಬೇಕು. ಎಷ್ಟು ಲಗೂ ನುಂಗಿದ್ರ ಅಷ್ಟು ಛಲೋ."

"ಅಕಿ ಮುಂಜಾನೆನೇ ತವರಿಗಿ ಹೋಗ್ಯಾಳ್ರಿ. ಪಂಚಮಿಗಿ ಅಣ್ಣ ಕರಿಯಾಕ ಬಂದಿದ್ದ. ಐದು ದಿನ ಬರಂಗಿಲ್ಲ."

ಸಾಬಮ್ಮನ ನಗು ನಿಂತಿತು. ಒಂಬತ್ತು ತಿಂಗಳ ಹಿಂದೆ ಹೆರಿಗೆಯಲ್ಲಿ ಪ್ರೀತಿ ಬದುಕಿದ್ದೇ ಹೆಚ್ಚು. ಆಂಬುಲೆನ್ಸಿನಲ್ಲಿ ಅವಳ ತಣ್ಣಗಾದ ಕೈ ಹಿಡಿದು ಕೂತಿದ್ದವಳು ಇವಳೇ. ಎರಡು ವರ್ಷ ಮತ್ತೆ ಬಸಿರು ಬೇಡವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಫೋನ್ ಮಾಡೋಣವೆಂದರೆ ಪ್ರೀತಿ ಅದನ್ನು ಮನೆಯಲ್ಲೇ ಮರೆತಿದ್ದಳು. ಅಣ್ಣನಿಗೆ ಹೇಳಿ ಗುಳಿಗೆ ತರಿಸುವ ಧೈರ್ಯ ಯಾರಿಗಿದೆ? ಹಬ್ಬದಲ್ಲಿ ಹೆಂಡತಿಯ ಬೆನ್ನು ಹತ್ತಿ ಹೋದರೆ ಊರೇ ನಗುತ್ತದೆಂದು ಭಾಗಣ್ಣ ಹಿಂಜರಿದ.

"ನೀ ಇಲ್ಲೇ ಮರ್ಯಾದಿ ಕಾಕೊಂಡು ಕುಂದ್ರು," ಎಂದು ಸಾಬಮ್ಮ ವಾಡಿಗೆ ಬಸ್ಸು ಹಿಡಿದಳು, ಅಲ್ಲಿಂದ ರೈಲು.

ನಾಲವಾರದ ತವರುಮನೆಯ ಅಂಗಳದಲ್ಲಿ ಹೆಂಗಸರು ಶೇಂಗಾ ಉಂಡಿ ಕಟ್ಟುತ್ತಿದ್ದರು. ಪ್ರೀತಿ ಬೇವಿನ ಮರದ ಜೋಕಾಲಿಯಲ್ಲಿದ್ದಳು. ಸಾಬಮ್ಮ ಅವಳನ್ನು ಪಕ್ಕಕ್ಕೆ ಕರೆದು, ವಿಷಯ ತಿಳಿಸಿ, ಗುಳಿಗೆಯನ್ನು ಅಂಗೈಗೆ ಇಡುವಷ್ಟರಲ್ಲಿ ಪ್ರೀತಿಯ ಅವ್ವ ಹಿಂದೆಯೇ ಬಂದು ನಿಂತಿದ್ದಳು.

"ಎದರ ಗುಳಿಗಿರಿ ಅದು?"

"ತಲಿನೋವಿಂದು," ಎಂದಳು ಸಾಬಮ್ಮ. ಇಂಥ ಸುಳ್ಳುಗಳು ಅವಳ ಬಾಯಲ್ಲಿ ಸದಾ ತಯಾರು.

ಪ್ರೀತಿ ತಲೆಯೆತ್ತಿದಳು. "ಸುಳ್ಳು ಯಾಕ ಅಕ್ಕಾ? ಅವ್ವಾ, ಬಸರು ನಿಲ್ಲಬಾರದು ಅಂತ ನುಂಗಾಕತ್ತೀನಿ. ನನಗ ಭಾಳ ಅಂಜಿಕಿ ಆಗ್ಯದ."

ಅವ್ವ ಸರಕ್ಕನೆ ತಿರುಗಿ ಒಳಗೆ ಹೋದಳು. ಇನ್ನು ಅಂಗಳದ ತುಂಬ ರಂಪವೇ ಎಂದು ಸಾಬಮ್ಮ ಸೆರಗು ಸಿಕ್ಕಿಸಿ ಜಗಳಕ್ಕೆ ಸಿದ್ಧಳಾದಳು.

ಅವ್ವ ನೀರಿನ ತಂಬಿಗೆ ಹಿಡಿದು ಬಂದಳು. "ನುಂಗು," ಎಂದಳು. "ಹ್ವಾದ ಸಲ ದವಾಖಾನಿ ಬಾಗಿಲದಾಗ ಕುಂತಾಗ ನಾ ದೇವರಿಗಿ ಮೊಮ್ಮಗನ್ನ ಕೇಳಿದ್ದಿಲ್ಲ. ನಿನ್ನ ಕೇಳಿದ್ದೆ."