ಮೂವತ್ತನೆಯ ದಿನ

ಪಿಂಗ್-ಹುಯಿ ತನ್ನ ಕೆಲಸ ಏನೆಂದು ಹೇಳಿದರೆ ಕೇಳಿದವರು ನಗುತ್ತಾರೆ. ಕಾರಿನಲ್ಲಿ ಆರು ಫೋನು ಸಾಲಾಗಿ ಕಟ್ಟಿಕೊಂಡು, ಅವುಗಳಿಂದ ಯಾರಿಗೂ ಅಲ್ಲದ ಕರೆ ಮಾಡಿಸುತ್ತ, ಹುವಾಲಿಯೆನ್‌ನಿಂದ ತೈತುಂಗ್‌ವರೆಗಿನ ಕಣಿವೆ ರಸ್ತೆಯಲ್ಲಿ ಹೋಗುವುದು, ಬರುವುದು. ಓಡುವ ಕಾರಿನಲ್ಲಿರುವ ಫೋನನ್ನು ಒಂದು ಟವರ್ ಮುಂದಿನ ಟವರಿನ ಕೈಗೆ ಒಪ್ಪಿಸುತ್ತ ಹೋಗಬೇಕು. ಹಾಗೆ ಒಪ್ಪಿಸುವಾಗ ಮಾತು ತುಂಡಾಯಿತೇ ಎಂದು ನೋಡುವುದೇ ಅವನ ಹೊಟ್ಟೆಪಾಡು. ಐವತ್ತು ದಾಟಿದೆ, ಸೊಂಟ ಹಿಡಿದುಹೋಗಿದೆ. ಇಷ್ಟು ವರ್ಷ ಓಡಿದರೂ ಎಲ್ಲಿಗೂ ಹೋಗಿ ಮುಟ್ಟಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅವನಿಗೇ ಬೇಸರ ಹತ್ತುತ್ತದೆ.

ಮನೆಯಲ್ಲೂ ಒಪ್ಪಿಸುವುದೇ ಕೆಲಸ. ಊರ ಪದ್ಧತಿಯಂತೆ ಅವನ ತಾಯಿಗೆ ಒಂದು ತಿಂಗಳು ಹುವಾಲಿಯೆನ್‌ನಲ್ಲಿರುವ ದೊಡ್ಡ ಮಗ ಚಿನ್-ತುವಿನ ಮನೆಯಲ್ಲಿ ಊಟ, ಮರುತಿಂಗಳು ತೈತುಂಗ್‌ನಲ್ಲಿ ಇವನ ಮನೆಯಲ್ಲಿ. ಚಂದ್ರನ ತಿಂಗಳ ಮೊದಲ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ, ಎರಡೂ ಊರಿನ ನಡುವೆ ಇರುವ ಯೂಲಿ ಸ್ಟೇಷನ್ ಮುಂದೆ ಒಬ್ಬ ತಂದು ಬಿಡುತ್ತಾನೆ, ಇನ್ನೊಬ್ಬ ಹತ್ತಿಸಿಕೊಳ್ಳುತ್ತಾನೆ. ಚಂದ್ರನ ತಿಂಗಳು ಒಮ್ಮೆ ಇಪ್ಪತ್ತೊಂಬತ್ತು ದಿನ, ಒಮ್ಮೆ ಮೂವತ್ತು. ಆ ಒಂದು ದಿನಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಕಣಿವೆಯುದ್ದಕ್ಕೂ ಇದ್ದಾರೆ. ಹೆತ್ತವಳ ಹುಟ್ಟಿದ ದಿನ ಯಾವುದೆಂದು ಕೇಳಿದರೆ ತಲೆ ಕೆರೆದುಕೊಳ್ಳುವವರಿಗೂ ಈ ಲೆಕ್ಕ ಮಾತ್ರ ಬಾಯಿಪಾಠ.

ಆ ದಿನ ಕಾರು ಯೂಲಿಯ ದಕ್ಷಿಣಕ್ಕಿತ್ತು. ಹಿಂದಿನ ಸೀಟಿನಲ್ಲಿ ಕೂತು ಫೋನುಗಳ ಪರದೆ ನೋಡುವ ಕೆಲಸದ ಜೊತೆಗಾತಿ ಶು-ಚೆನ್ ಆಕಳಿಸುತ್ತಿದ್ದಳು. ಅಷ್ಟರಲ್ಲಿ ಪಿಂಗ್-ಹುಯಿಯ ಸ್ವಂತ ಫೋನು ಹೊಡೆದುಕೊಂಡಿತು. ಅಣ್ಣ.

"ಅಮ್ಮನ್ನ ಸ್ಟೇಷನ್ ಮುಂದೆ ಬಿಟ್ಟು ಬಂದಿದ್ದೀನಿ ಕಣೋ. ಕರ್ಕೊಂಡ್ಹೋಗು."

"ಇವತ್ತಾ? ನಾಳೆ ಅಲ್ವಾ ಅಣ್ಣಾ? ಈ ತಿಂಗಳು ಮೂವತ್ತು."

"ಹೋದ ತಿಂಗಳು ನೀನು ಇಪ್ಪತ್ತೊಂಬತ್ತು ದಿನ ಇಟ್ಕೊಂಡೆ. ನಾನೂ ಅಷ್ಟೇ ಇಟ್ಕೊಂಡೆ. ನಿನಗೊಂದು ನ್ಯಾಯ, ನನಗೊಂದು ನ್ಯಾಯಾನಾ?"

"ಹೋದ ತಿಂಗಳಲ್ಲಿ ಇದ್ದಿದ್ದೇ ಇಪ್ಪತ್ತೊಂಬತ್ತು!"

"ಪುಣ್ಯವಂತ ಬಿಡು ನೀನು."

"ನಾನು ಬರೋ ತನಕ ಆದ್ರೂ ಜೊತೇಲಿ ನಿಂತಿರಬಾರ್ದಿತ್ತಾ? ಟವರಿಗೂ ಅಷ್ಟು ಬುದ್ಧಿ ಇದೆ. ಮುಂದಿನದು ‘ಕಳಿಸು, ಜಾಗ ಇದೆ’ ಅನ್ನೋವರ್ಗೂ ಹಿಂದಿನದು ಕೈ ಬಿಡಲ್ಲ."

"ನಿನ್ನ ಟವರಿಗೆ ಹೆಂಡ್ತಿ ಇಲ್ಲ ಕಣೋ," ಎಂದು ಅಣ್ಣ ಕರೆ ಕತ್ತರಿಸಿದ.

ಶು-ಚೆನ್ ಹಿಂದಿನಿಂದ, "ಸಿಗ್ನಲ್ ಚೆನ್ನಾಗೇ ಇತ್ತು ಹುಯಿ ಅಣ್ಣ. ಕಟ್ ಮಾಡಿದ್ದು ನಿಮ್ಮಣ್ಣ. ಇದನ್ನ ಟವರಿನ ತಲೆಗೆ ಕಟ್ಬೇಡಿ," ಎಂದಳು. ಅವನಿಗೆ ನಗು ಬರಲಿಲ್ಲ. ಕಾರು ತಿರುಗಿಸಿದ.

ತಾಯಿ ಸ್ಟೇಷನ್ ಮುಂದಿನ ಬೆಂಚಿನ ಮೇಲೆ, ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಊಟದ ಹೊತ್ತು ಮೀರಿತ್ತು. ಎದುರಿನ ಅಂಗಡಿಯಿಂದ ನೂಡಲ್ಸ್‌ಗೆ ಹಾಕುವ ಹುರಿದ ಈರುಳ್ಳಿಯ ವಾಸನೆ ಬರುತ್ತಿತ್ತು.

"ಏನಾದ್ರೂ ತಿಂದ್ಯಾ ಅಮ್ಮ?"

"ಇಲ್ಲ."

"ಎದುರಿಗೇ ಅಂಗಡಿ ಇದೆಯಲ್ಲ!"

"ಇಬ್ರು ಗಂಡುಮಕ್ಕಳಿದ್ದೂ ಒಬ್ಳೇ ಕೂತು ಅಂಗಡೀಲಿ ತಿಂದ್ರೆ ನೋಡಿದೋರು ಏನಂತಾರೆ? ನಿಮ್ಮ ಮರ್ಯಾದೆ ಏನಾಗ್ಬೇಕು?"

ಪಿಂಗ್-ಹುಯಿಗೆ ಕೋಪ ಬಂತು. ಯಾರ ಮೇಲೆ ಎಂದು ತಿಳಿಯದೆ ಅದು ಹಾಗೇ ಇಳಿದೂ ಹೋಯಿತು. ಅಂಗಡಿಯಿಂದ ಬಿಸಿ ಬಟ್ಟಲು ತಂದು ತಾಯಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ. ಶು-ಚೆನ್ ಕಾರಿನಲ್ಲೇ ಉಳಿದಳು. ಮುದುಕಿ ಅವಸರವಿಲ್ಲದೆ, ಒಂದು ಎಳೆಯನ್ನೂ ಬಿಡದೆ ತಿಂದಳು. ಅಣ್ಣನ ಮಾನ ಉಳಿಸೋಣವೆಂದು ಇವನೇ ಮಾತು ತೆಗೆದ.

"ಅಣ್ಣ ದಿನ ಎಣಿಸೋದ್ರಲ್ಲಿ ಏನೋ ತಪ್ಪು ಮಾಡ್ಕೊಂಡಿದ್ದಾನೆ ಅಮ್ಮ. ನೀನು ಮನಸ್ಸಿಗೆ ಹಚ್ಕೋಬೇಡ."

"ಅವನೆಲ್ಲಿ ತಪ್ಪಿ ಎಣಿಸ್ತಾನೆ? ಈ ತಿಂಗಳು ಮೂವತ್ತು ಅಂತ ಅವನಿಗೂ ಗೊತ್ತು, ನನಗೂ ಗೊತ್ತು."

"ಗೊತ್ತಿದ್ದೂ ಯಾಕಮ್ಮಾ ಇಳ್ದೆ? ಒಂದ್ಮಾತು ಹೇಳೋದಲ್ವಾ?"

ಅವಳು ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

"ಬೆಳಗ್ಗೆ ಎದ್ದ ತಕ್ಷಣ ‘ಮುಗೀತಮ್ಮಾ’ ಅಂದ. ಮುಗೀತು ಅಂದ್ಮೇಲೆ ಅದೇ ಮನೇಲಿ ಇನ್ನೊಂದು ದಿನ ಹೇಗಪ್ಪಾ ಕೂತಿರ್ಲಿ?"

ಇನ್ನೆಲ್ಲೂ ಹೋಗುವುದು ಬೇಡ, ನನ್ನ ಮನೆಯಲ್ಲೇ ಇದ್ದುಬಿಡು ಎಂಬ ಮಾತು ಪಿಂಗ್-ಹುಯಿಯ ನಾಲಿಗೆಯ ತುದಿಗೆ ಬಂತು. ಮನೆಯ ಎರಡು ಕೋಣೆ, ಹೆಂಡತಿಯ ಮುಖ, ತನ್ನ ಸೊಂಟ, ಎಲ್ಲ ಅದರ ಹಿಂದೆಯೇ ಬಂದವು. ಮುಂದಿನ ತಿಂಗಳ ಕೊನೆಗೆ ಬೆಳಗ್ಗೆ ಎದ್ದು ತಾನೂ ಇವಳಿಗೆ ‘ಮುಗೀತಮ್ಮಾ’ ಅನ್ನುವವನೇ ಎಂದು ಅವನಿಗೆ ಗೊತ್ತಿತ್ತು. ಚೀಲ ಎತ್ತಿಕೊಂಡು, "ನಡಿಯಮ್ಮ," ಎಂದಷ್ಟೇ ಹೇಳಿದ.