ಬಳೆ ಒಡೆಸಿಕೊಳ್ಳಲು ಲಿಂಗಸುಗೂರಿಗೆ

ಅಥವಾ ಆ ಬಿಸಿಲನ್ನು ನಾನೇ ಆಮೇಲೆ ಸೇರಿಸಿದ್ದಿರಬೇಕು. ನನ್ನ ನೆನಪಿನಲ್ಲಿ ಬಸ್ಸಿನ ಕಿಟಕಿಗೆ ಒರಗಿ ಕೂತ ಅಪ್ಪನ ಮುಖದ ತುಂಬ ಬಿಸಿಲಿದೆ, ಅವನು ಕಣ್ಣು ಕಿರಿದು ಮಾಡಿಕೊಂಡಿದ್ದಾನೆ. ಆದರೆ ಮಸ್ಕಿಯಿಂದ ಲಿಂಗಸುಗೂರಿಗೆ ಮುಂಜಾನೆ ಹೊರಟವರಿಗೆ ಬಿಸಿಲು ಬೆನ್ನಿನ ಕಡೆಯಿಂದ ಬೀಳುತ್ತದೆ. ಸಂಜೆ ಮರಳಿ ಬರುವಾಗಲೂ ಬೆನ್ನಿಗೇ. ಹಾಗಿದ್ದರೆ ಆ ಮುಖಕ್ಕೆ ಬೆಳಕು ಎಲ್ಲಿಂದ ಬಂತು? ಗೊತ್ತಿಲ್ಲ. ಕಣ್ಣು ಕಿರಿದು ಮಾಡಿದ್ದು ಮಾತ್ರ ನಿಜ. ಅದನ್ನಾದರೂ ಇಟ್ಟುಕೊಳ್ಳುತ್ತೇನೆ.

ಅದು ಹೋದ ವರ್ಷದ ಹೋಳಿ. ಬಣ್ಣದ ದಿನ. ಮದುವೆಯಾದ ಮೇಲೆ ನಾನು ಇರುವುದು ಸಿಂಧನೂರಿನಲ್ಲಿ. ಅಲ್ಲಿ ನಮ್ಮ ಕಡೆ ಹೋಳಿ ಎಂದರೆ ಸ್ಪೀಕರ್ ಕಟ್ಟಿದ ಟ್ರ್ಯಾಕ್ಟರು ಮತ್ತು ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ದಂಡೆಯ ಮೇಲೆ ಗುಲಾಬಿ ಬಣ್ಣದ ಹುಡುಗರು. ಹಬ್ಬಕ್ಕೆ ಮುಂಚೆ ಅಪ್ಪ ಫೋನು ಮಾಡಿದ್ದ. "ಲಿಂಗಸುಗೂರಿನ ಓಕುಳಿ ನೀ ನೋಡಿಲ್ಲಲ್ಲ? ಬಾ, ತೋರಸ್ತೀನಿ. ಹಳೇ ಪದ್ಧತಿ ಇನ್ನಾ ಐತಿ ಅಲ್ಲಿ." ಅವ್ವ ತೀರಿಕೊಂಡ ಮೇಲೆ ಅಪ್ಪ ಯಾವುದಕ್ಕೂ ಬಾ ಎಂದಿರಲಿಲ್ಲ. ನಾನು ಖುಷಿಯಿಂದಲೇ ಹೊರಟೆ. ಅಕ್ಕಪಕ್ಕದವರಿಗೆ ಹೇಳಿಕೊಂಡೂ ಬಂದೆ: ಹಳೆಯ ಕಾಲದ ಹೋಳಿ ನೋಡಲು ಹೊರಟಿದ್ದೇನೆ, ಸಾಧ್ಯವಾದರೆ ಅದರ ಬಗ್ಗೆ ಏನಾದರೂ ಬರೆಯುತ್ತೇನೆ ಎಂದು. ಈಗ ಬರೆಯುತ್ತಿರುವುದು ಇದು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಹಿಂದಿನ ರಾತ್ರಿಯೇ ಕಾಮನನ್ನು ಸುಟ್ಟಾಗಿರುತ್ತದೆ. ಆದರೂ ಬಣ್ಣದ ದಿನ ಹುಲ್ಲಿನ ಇನ್ನೊಬ್ಬ ಕಾಮನನ್ನು ಚಟ್ಟಕ್ಕೆ ಕಟ್ಟಿ, ಹಲಗೆ ಬಾರಿಸುತ್ತಾ ಓಣಿ ಓಣಿ ತಿರುಗಿಸುತ್ತಾರೆ. ಸುಟ್ಟವನಿಗೆ ಮತ್ತೆ ಹೆಣ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಒಬ್ಬ ಗಂಡಸು ಸೀರೆ ಉಟ್ಟು ರತಿಯಾಗುತ್ತಾನೆ. ಚಟ್ಟದ ಹಿಂದೆ ಎದೆ ಬಡಿದುಕೊಳ್ಳುತ್ತಾ, ಸತ್ತ ಗಂಡನ ಗುಣ ಎತ್ತಿ ಹಾಡಿ ಅಳುತ್ತಾನೆ. ಎಷ್ಟು ಅಳುತ್ತಾನೋ ಜನ ಅಷ್ಟು ನಗಬೇಕು. ಕೊನೆಗೆ ಅವನ ಬಳೆ ಒಡೆಯುತ್ತಾರೆ.

ನಮ್ಮಪ್ಪ ಮಸ್ಕಿಯ ನಮ್ಮ ಓಣಿಯ ರತಿ. ವರ್ಷವಿಡೀ ಹಣೆಗೆ ವಿಭೂತಿ ಹಚ್ಚಿ, ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಾ, ಹೆಂಗಸರ ಜೊತೆ ತಲೆಯೆತ್ತಿ ಮಾತಾಡದ ಮನುಷ್ಯ ಆ ಒಂದು ದಿನ ಹೀಗಾಗುತ್ತಿದ್ದ. ಸೀರೆ ಉಡಿಸುತ್ತಿದ್ದವಳು ಅವ್ವ. ಕುಂಕುಮ ಇಟ್ಟು, ಸೆರಗು ಸಿಕ್ಕಿಸಿ, "ಗಂಡನ್ನ ಕಳಕೊಂಡು ಲಗೂನ ಬರ್ರಿ, ಹೋಳಿಗಿ ಆರ್ತಾವ" ಎಂದು ಕಳಿಸುತ್ತಿದ್ದಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ನಾನು ಆ ದಿನ ಹಿತ್ತಲಲ್ಲಿ ಅಡಗುತ್ತಿದ್ದೆ. ದೊಡ್ಡವಳಾದ ಮೇಲೆ ಆ ನಾಚಿಕೆ ಹೋಯಿತು ಎಂದುಕೊಂಡಿದ್ದೆ.

ಈ ಆಟಕ್ಕೆ ಒಂದು ನೇಮವಿದೆ. ರತಿಯಾಗುವವನ ಹೆಂಡತಿ ಬದುಕಿರಬೇಕು. ನಿಜವಾಗಿ ಹೆಂಡತಿಯನ್ನು ಕಳೆದುಕೊಂಡವನು ಚಟ್ಟದ ಹಿಂದೆ ಅತ್ತರೆ ಅದು ಆಟವಾಗುವುದಿಲ್ಲ, ಓಣಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಅವ್ವ ಆ ಹೋಳಿಗೆ ಮುಂಚಿನ ದಸರೆ ಕಳೆದ ಮೇಲೆ ರಾಯಚೂರಿನ ಆಸ್ಪತ್ರೆಯಲ್ಲಿ ಹೋದಳು. ನಮ್ಮ ಓಣಿಯ ಹಿರಿಯರು ಅಂಗಡಿಗೇ ಬಂದು, "ಇನ್ನ ಮ್ಯಾಲೆ ನೀವು ಬ್ಯಾಡ್ರಿ ಸಾಹುಕಾರ್ರ, ತಪ್ಪ ತಿಳ್ಕೋಬ್ಯಾಡ್ರಿ" ಎಂದು ಹೇಳಿ ಹೋಗಿದ್ದರಂತೆ. ಅಪ್ಪ "ಹೌದ್ರಿ, ಬರೋಬರಿ ಐತಿ" ಎಂದು ಅವರಿಗೆ ಚಹಾ ತರಿಸಿದ್ದನಂತೆ. ನೇಮ ನನಗೆ ಗೊತ್ತಿತ್ತು, ಅವರು ಬಂದು ಹೋದದ್ದು ಆಗ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಅಪ್ಪನ ಕಾಲ ಬಳಿ ಒಂದು ಬಟ್ಟೆ ಅಂಗಡಿಯ ಚೀಲವಿತ್ತು. ಸಂತೆಕಲ್ಲೂರಿನ ಹತ್ತಿರ ಹುಡುಗರು ರಸ್ತೆಗೆ ಹಗ್ಗ ಕಟ್ಟಿ ಬಸ್ಸು ನಿಲ್ಲಿಸಿ, ಕಿಟಕಿಯಿಂದ ಬಣ್ಣದ ನೀರು ಎರಚಿದರು. ಅಪ್ಪ ಮುಖ ಮುಚ್ಚಿಕೊಳ್ಳಲಿಲ್ಲ, ಬಗ್ಗಿ ಚೀಲವನ್ನು ಮುಚ್ಚಿದ.

"ಏನೈತಿ ಅದರಾಗ?"

"ನಿಮ್ಮವ್ವನ ಸೀರಿ."

"ಯಾಕ?"

"ಉಟ್ಕೊಳ್ಳಾಕ."

ನಾನು ದನಿ ತಗ್ಗಿಸಿದೆ. "ಲಿಂಗಸುಗೂರಾಗ ಆ ನೇಮ ಇಲ್ಲೇನು?"

"ಐತಿ."

"ಮತ್ತ ಅವರಿಗೆ ಗೊತ್ತಿಲ್ಲೇನು?"

"ಗೊತ್ತಿದ್ರ ಕರೀತಿದ್ರೇನು? ಹಿಂದ ಎಷ್ಟೋ ಸಲ ಕರದಿದ್ರು, ನಾನಽ ಹೋಗಿದ್ದಿಲ್ಲ. ಈ ಸಲ ಬರ್ತೀನಿ ಅಂದೆ." ಆಮೇಲೆ ಕಿಟಕಿಯ ಕಡೆ ತಿರುಗಿ, "ಉಡಸಾಕ ಒಬ್ರು ಬೇಕಲ್ಲ" ಎಂದ.

ಓಕುಳಿ ತೋರಿಸಲು ಕರೆದದ್ದಲ್ಲ ಎಂದು ಆಗ ತಿಳಿಯಿತು. ಅಲ್ಲೇ ಇಳಿದುಬಿಡಬಹುದಿತ್ತು, ಜಗಳವಾಡಬಹುದಿತ್ತು. ಏನೂ ಮಾಡಲಿಲ್ಲ. ಮುಂದಿನ ಸೀಟಿನವರಿಗೆ ನಮ್ಮ ಮಾತು ಕೇಳಿಸಿತೇ ಎಂದು ನೋಡಿದೆ. ನನಗೆ ಚಿಂತೆಯಾದದ್ದು ಅಷ್ಟೇ.

ಬಸ್ ಸ್ಟ್ಯಾಂಡಿನ ಹಿಂದೆ ಅರ್ಧ ಶಟರು ಎಳೆದ ಬಳೆ ಅಂಗಡಿಯಿತ್ತು. ಒಳಗೆ ತಲೆಗೆ ದುಪಟ್ಟಾ ಹೊದ್ದ ಹೆಂಗಸು ಗಾಜಿಗೆ ಬಣ್ಣ ಸಿಡಿಯದಂತೆ ಪೇಪರು ಅಂಟಿಸುತ್ತಿದ್ದಳು.

"ಯಾರ ಅಳತಿರೀ ಅಮ್ಮಾ?"

ನಾನು ಅಪ್ಪನ ಕಡೆ ಕೈ ತೋರಿಸಿದೆ.

"ಅರೆ ಅಲ್ಲಾ! ಕಾಕಾಗ?" ಎಂದು ಅವಳು ನಕ್ಕಳು. "ಒಡಿಯಾಕ ಹೌದಲ್ರೀ? ಹಂಗಾರ ತೆಳ್ಳನ್ವು ಕೊಡ್ತೀನಿ ತಗೋರಿ. ಮರ್ದ್ ಕೌನ್ ಹೈ ಕಾಕಾ, ನಿಮ್ಮ ಗಂಡಾ ಯಾರು?"

"ಹುಲ್ಲಿಂದೈತವ್ವಾ."

"ಹುಲ್ಲಿಂದಽ ಛಲೋ ಬಿಡ್ರಿ, ನಮ್ಮವನಂಗ ಬಾಯಿ ಮಾಡಂಗಿಲ್ಲ."

ಅಪ್ಪ ನಕ್ಕ. ಅವ್ವ ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನ ಕೂದಲು ತುಂಬಿದ ಕೈಗೆ ಅವಳು ಹಸಿರು ಬಳೆ ಏರಿಸುವಾಗ ನಾನು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದೆ.

ಅಪ್ಪನನ್ನು ಆಟಕ್ಕೆ ಕರೆದಿದ್ದ ಹಿರಿಯರ ಮನೆ ಅಲ್ಲಿಂದ ದೂರವಿರಲಿಲ್ಲ. ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಹುಲ್ಲಿನ ಕಾಮನಿಗೆ ಯಾರೋ ಕರಿ ಕನ್ನಡಕ ಹಾಕಿದ್ದರು. ಆ ಹಿರಿಯರು ನೀರು ಕೊಟ್ಟು, ಎಲ್ಲರೂ ಕೇಳುವ ಹಾಗೆಯೇ ಕೇಳಿದರು: "ಮನ್ಯಾಗ ಹೆಂಗದಾರ್ರಿ? ಆರಾಮ?"

ಅಪ್ಪ ನೀರು ಕುಡಿಯುತ್ತಿದ್ದ. ಕುಡಿಯುತ್ತಲೇ ಇದ್ದ. ಚೊಂಬಿನ ಮೇಲಿನಿಂದ ನನ್ನನ್ನು ನೋಡಿದ.

"ಅವ್ವ ಆರಾಮ ಅದಾಳ್ರಿ," ಎಂದೆ ನಾನು. "ಬರಬೇಕಂದಿದ್ಲು. ಮೊಣಕಾಲು ನೋವು."

ಮೊಣಕಾಲು ನೋವನ್ನು ಸೇರಿಸು ಎಂದು ಯಾರೂ ನನಗೆ ಹೇಳಿರಲಿಲ್ಲ. ಈ ಮಾತನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಅಪ್ಪ ಮಾತ್ರ ಇಂದಿಗೂ ಹೇಳುವುದು ಬೇರೆ: "ನೀ ಎಲ್ಲಿ ಅಂದಿ? ನಾನಽ ಅಂದೆ." ನನ್ನ ತಪ್ಪನ್ನು ತಾನು ಹೊತ್ತುಕೊಳ್ಳುತ್ತಿದ್ದಾನೋ, ನಿಜವಾಗಿ ಅವನ ನೆನಪು ಹಾಗಿದೆಯೋ? ನನ್ನ ಬಾಯಲ್ಲಿ ಆ ಮಾತಿನ ರುಚಿ ಇದೆ. ಆದರೆ ಮುಖದ ಮೇಲಿನ ಬಿಸಿಲೂ ಇದೆಯಲ್ಲ, ಅದನ್ನು ನಂಬಬೇಕೇ?

ಒಳಮನೆಯಲ್ಲಿ ಅಪ್ಪನಿಗೆ ಸೀರೆ ಉಡಿಸಿದೆ. ನೆರಿಗೆ ಹಿಡಿಯಲು ಅವನ ಹೊಟ್ಟೆಯ ಬಳಿ ಕೈ ಹಾಕಬೇಕಾಯಿತು. ಇಬ್ಬರೂ ಗೋಡೆ ನೋಡಿದೆವು. ಸೀರೆಯಲ್ಲಿ ಇನ್ನೂ ಅವ್ವನ ಟ್ರಂಕಿನ ನುಸಿ ಗುಳಿಗೆಯ ವಾಸನೆ. "ನಿಮ್ಮವ್ವ ಇಷ್ಟು ಬಿಗಿ ಕಟ್ಟತಿದ್ದಿಲ್ಲ" ಎಂದ ಅಪ್ಪ. ನಾನು ಸಡಿಲ ಮಾಡಲಿಲ್ಲ.

ಕಾಮನ ಚಟ್ಟ ಹೊರಟಾಗ ಹೆಂಗಸರು ಬೀದಿಗೆ ಇಳಿಯುವುದಿಲ್ಲ, ಮಾಳಿಗೆಯ ಮೇಲಿನಿಂದ ನೋಡುತ್ತಾರೆ. ಹಿರಿಯರ ಹೆಂಡತಿ ನನ್ನನ್ನೂ ಮೇಲೆ ಕರೆದುಕೊಂಡು ಹೋಗಿ, ಪಕ್ಕದಲ್ಲೇ ಕೂರಿಸಿಕೊಂಡಳು. ಸುತ್ತ ಓಣಿಯ ಹೆಂಗಸರು, ಬಕೆಟ್ಟುಗಳು, ಬಣ್ಣ ಹತ್ತಿದ ಕೈಗಳು. ಕೆಳಗೆ ಹಲಗೆ ಶುರುವಾಯಿತು. ಗಂಡಸರು ಬಾಯಿ ಬಡಿದುಕೊಂಡರು. ಚಟ್ಟದ ಹಿಂದೆ ಅಪ್ಪ ಬಂದ.

ಮೊದಲು ಎಲ್ಲ ಎಂದಿನಂತೆ ಇತ್ತು. "ಅಯ್ಯಯ್ಯೋ ನನ್ನ ರಾಜಾ, ದುಡಿಯಾಕ ಮೈಗಳ್ಳ, ಉಣ್ಣಾಕ ಮುಂದಾಳು, ನನ್ನ ಬಿಟ್ಟು ಎಲ್ಲಿಗ್ಹೋದಿ!" ಜನ ಕೇಕೆ ಹಾಕಿದರು. ಹೇಳಬಾರದ ಇನ್ನೂ ಕೆಲವು ಮಾತು ಬಂದವು. ಪಕ್ಕದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಎಲ್ಲಿ ತಿರುಗಿತೋ ನನಗೆ ಹೇಳಲಾಗುವುದಿಲ್ಲ. ಅದೇ ರಾಗ, ಅದೇ ಎದೆ ಬಡಿತ:

"ಸಣ್ಣ ಸಾಬಾಣ ತುಣುಕು ಹೊಸ ಸಾಬಾಣಕ್ಕ ಅಂಟಿಸಿಡ್ತಿದ್ದಿ, ಇನ್ನ ಯಾರ ಅಂಟಸ್ಲಿ! ಫ್ಯಾನು ಎರಡರ ಮ್ಯಾಲ ಇಟ್ರ ಎದ್ದು ಒಂದಕ್ಕ ಇಡ್ತಿದ್ದಿ, ಇನ್ನ ಯಾರ ಜೋಡಿ ಜಗಳಾಡ್ಲಿ! ದವಾಖಾನ್ಯಾಗ ಕೈ ಹಿಡದು, ಅಂಗಡಿ ಕೀಲಿ ಹಾಕೀರೇನು ಅಂದಿ, ಹಾಕೀನಿ ಅನ್ನೂದ್ರಾಗ ಹೋದೆಲ್ಲೋ!"

"ಕಾಮಣ್ಣಗ ಅಂಗಡಿ ಯಾವಾಗ ಆತ್ಲೇ?" ಎಂದು ಗುಂಪಿನಿಂದ ಒಬ್ಬ ಕೂಗಿದ.

"ಉದ್ರಿ ಭಾಳ ಕೊಟ್ಟಿದ್ದ, ಅದಕ್ಕಽ ಸತ್ತ!" ಎಂದ ಇನ್ನೊಬ್ಬ.

ಓಣಿಯೇ ನಕ್ಕಿತು. ಆಸ್ಪತ್ರೆಯಲ್ಲಿ ಅವ್ವ ಕೊನೆಗೆ ಏನಂದಳು ಎಂದು ನಾನು ಕೇಳಿರಲಿಲ್ಲ, ಅಪ್ಪ ಹೇಳಿರಲಿಲ್ಲ. ನಾನು ರಾಯಚೂರು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮಣ್ಣಿನ ದಿನವೂ ಅಪ್ಪ ಅಳಲಿಲ್ಲ. ಬಂದವರಿಗೆ ನೀರು ಕೊಟ್ಟರೇ, ಕುರ್ಚಿ ಸಾಲುತ್ತವೆಯೇ ಎಂದು ನೋಡುತ್ತಾ ಓಡಾಡಿದ್ದ. ಈಗ ಬಣ್ಣ ಮೆತ್ತಿದ ಅಪರಿಚಿತರ ಜೊತೆ ಕೂತು ನಾನು ಅವ್ವನ ಕೊನೆಯ ಮಾತು ಕೇಳಿದೆ. ಆಗ ನನಗೆ ಬಂದದ್ದು ದುಃಖವಲ್ಲ. ಬೇಗ ಮುಗಿಸಪ್ಪಾ, ಸಿಕ್ಕಿಬೀಳುತ್ತೇವೆ ಎಂದುಕೊಂಡೆ. ಎಲ್ಲರೂ ನಗುತ್ತಿದ್ದರು, ಆದ್ದರಿಂದ ನಾನೂ ನಕ್ಕೆ. ಜೋರಾಗಿಯೇ ನಕ್ಕೆ. ನಗದಿದ್ದರೆ ಗೊತ್ತಾಗುತ್ತದೆ ಎಂದು ಹೆದರಿದ್ದೆ. ಅಪ್ಪ ಒಮ್ಮೆ ಮೇಲೆ ನೋಡಿದ. ನನ್ನ ಬಾಯಿ ತೆರೆದಿತ್ತು.

ಓಣಿಯ ಕೊನೆಯಲ್ಲಿ ಬಳೆ ಒಡೆದರು. ಇಬ್ಬರು ಅವನ ಕೈ ಹಿಡಿದು ಕಲ್ಲಿನ ಮೇಲಿಟ್ಟರು, ಇನ್ನೊಬ್ಬ ಕುಟ್ಟಿದ. ಹೆಂಗಸಿಗೆ ಗಂಡ ಸತ್ತರೆ ಒಡೆಯಲು ಬಳೆ ಇರುತ್ತವೆ. ಗಂಡಸಿಗೆ ಏನೂ ಇರುವುದಿಲ್ಲ. ಹಲಗೆ ನಿಂತಿತು. ಅಪ್ಪ ಕೈಯನ್ನು ಕಲ್ಲಿನ ಮೇಲೆಯೇ ಬಿಟ್ಟು ಕೂತಿದ್ದ. "ಏಳ್ರಿ ಸಾಹುಕಾರ್ರ, ಆತು" ಎಂದು ಯಾರೋ ಎಬ್ಬಿಸಿದರು. ಅಷ್ಟರಲ್ಲಿ ಅವನ ತಲೆಯ ಮೇಲೆ ಒಂದು ಕೊಡ ಓಕುಳಿ ಬಿತ್ತು. ಅವ್ವನ ಸೀರೆ ಯಾವ ಬಣ್ಣದ್ದು ಎಂದು ಆಮೇಲೆ ಯಾರಿಗೂ ಹೇಳಲಾಗುತ್ತಿರಲಿಲ್ಲ.

ಹಿರಿಯರ ಹೆಂಡತಿ ನನಗೆ ಒಂದು ಗಂಟು ಕೊಟ್ಟಳು. ಉಡಿಯಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬಸದ ಖಣ. ಮುತ್ತೈದೆಗೆ ಕೊಡುವಂಥದ್ದು. "ನಿಮ್ಮವ್ವಗ ಒಯ್ಯವ್ವಾ. ಬಳಿ ಒಡಿಯಾಕ ಗಂಡನ್ನ ಕೊಟ್ಟ ಮನಿ, ಬರಿಗೈಲೆ ಕಳಸಬಾರ್ದು." ನಾನು ಸೆರಗೊಡ್ಡಿ ಇಸಕೊಂಡೆ. ಸತ್ತವಳ ಉಡಿಯನ್ನು ಬದುಕಿದ್ದಾಳೆಂದು ಹೇಳಿ ಇಸಕೊಂಡೆ. ಆ ಕ್ಷಣ ನೆನಪಾದರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಓಡಾಡುತ್ತೇನೆ.

ಆದರೆ ಅವಳು ಅದನ್ನು ಕೊಟ್ಟದ್ದು ಯಾವಾಗ? ಅಪ್ಪ ಹಾಡುವಾಗ ಆ ಗಂಟು ನನ್ನ ಮಡಿಲಲ್ಲಿದ್ದ ಹಾಗೆ, ಅಕ್ಕಿ ತೊಡೆಗೆ ಒತ್ತಿದ ಹಾಗೆ ನೆನಪಿದೆ. ಹಾಗಿದ್ದರೆ ಅವಳು ನಮ್ಮ ಸುಳ್ಳನ್ನು ನಂಬಿ ಕೊಟ್ಟಳು. ಆದರೆ ಅವಳು ಕೊಡುವಾಗ ಕೆಳಗೆ ಹಲಗೆ ನಿಂತಿತ್ತು ಎಂದೂ ನೆನಪಿದೆ. ಹಾಗಿದ್ದರೆ ಸಾಬೂನಿನ ತುಣುಕು, ಅಂಗಡಿಯ ಕೀಲಿ, ಎಲ್ಲ ಕೇಳಿದ ಮೇಲೆ, ಹೆಂಗಸರಿಗೆ ಅರ್ಥವಾಗುವುದು ಅರ್ಥವಾದ ಮೇಲೆ ಕೊಟ್ಟಳು. ಖಣದ ಮೇಲೆ ಗುಲಾಬಿ ಬೆರಳಿನ ಗುರುತಿತ್ತು. ಅದರಿಂದಲೂ ಏನೂ ತಿಳಿಯುವುದಿಲ್ಲ. ಮುಂಜಾನೆಯಿಂದಲೇ ಮಾಳಿಗೆಯ ಮೇಲೆ ಎಲ್ಲರ ಕೈಯೂ ಗುಲಾಬಿಯಾಗಿತ್ತು.

ಬಸ್ಸಿನಲ್ಲಿ ಅಪ್ಪ ಗಂಟನ್ನು ನೋಡಿ, ಯಾರದು ಎಂದು ಕೇಳಲಿಲ್ಲ. ಮಸ್ಕಿಯಲ್ಲಿ ಇಳಿಯುವಾಗ ಮಾತ್ರ, "ನೀನಽ ಇಟ್ಕೋ, ನೀನೂ ಮುತ್ತೈದಿ ಅದಿ" ಎಂದ. ಸಿಂಧನೂರಿಗೆ ತಂದು ಆ ಅಕ್ಕಿಯನ್ನು ಅನ್ನ ಮಾಡಿ ಉಂಡೆವು. ಎಲ್ಲಿಂದ ಬಂತು ಎಂದು ಗಂಡ ಕೇಳಿದ. ಹಬ್ಬದ್ದು ಎಂದೆ.

ಈ ವರ್ಷ ಹೋಳಿಗೆ ಮುಂಚೆ ಆ ಹಿರಿಯರು ಮತ್ತೆ ಫೋನು ಮಾಡಿದ್ದರಂತೆ. "ಈ ಸಲಾನೂ ನೀವಽ ಬರ್ರಿ ಸಾಹುಕಾರ್ರ. ನಮ್ಮ ಓಣ್ಯಾಗ ಅಂಥಾ ಅಳು ಯಾರೂ ಅತ್ತಿದ್ದಿಲ್ಲ." ಅಪ್ಪ ಬರುತ್ತೇನೆ ಎಂದ. ನನ್ನನ್ನು ಕರೆದ. ಮಕ್ಕಳ ಪರೀಕ್ಷೆ ಎಂದು ನಾನು ಹೋಗಲಿಲ್ಲ. ಅವನಿಗೆ ಸೀರೆ ಯಾರು ಉಡಿಸಿದರು ಎಂದು ನಾನು ಕೇಳಿಲ್ಲ.

ಲಿಂಗಸುಗೂರಿನವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದ್ದೂ ನೇಮ ಮುರಿದು ಅವನಿಗೆ ಅಳಲು ಜಾಗ ಕೊಟ್ಟರೋ, ಅದೂ ಗೊತ್ತಿಲ್ಲ. ಅವ್ವ ನಿಜವಾಗಿ ಕೀಲಿಯ ಮಾತು ಕೇಳಿದಳೋ, ಅಪ್ಪ ಜನ ನಗಲೆಂದು ಕಟ್ಟಿದನೋ, ಅದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.