ಬರಿಗೊರಳು
ನಮ್ಮ ಯೂಲ್ಯಾಂಡಿನ ಸಣ್ಣ ಮ್ಯೂಸಿಯಮ್ಮಿನಲ್ಲಿ ಜೌಗುನೆಲದಿಂದ ತೆಗೆದ ಮನುಷ್ಯನ ಕೋಣೆಗೆ ದಾಗ್ನಿಯಮ್ಮನೇ ಕಾವಲು. ಎರಡು ಸಾವಿರ ವರ್ಷ ಕಪ್ಪು ಮಣ್ಣಿನಲ್ಲಿ ನೆನೆದೂ ಕೆಡದ ಅವನನ್ನು ಯಾರಾದರೂ ಹೆಣವೆಂದರೆ ಆಕೆಗೆ ಸಿಟ್ಟು. "ಗಡ್ಡದ ಕೂದಲು ಕೂಡ ಹಾಗೇ ಇದೆ, ಹೆಣ ಅಂತೆ ಹೆಣ" ಎಂದು ಗೊಣಗುತ್ತಾಳೆ. ಬೆಳಿಗ್ಗೆ ಬಂದವಳೇ ಅವನನ್ನಿಟ್ಟ ಗಾಜಿನ ಪೆಟ್ಟಿಗೆಯ ಬಳಿ ಬಾಗಿ ಅವನಿಗೆ ಹಿಮ ಬಿದ್ದ ಸುದ್ದಿ ಹೇಳಬೇಕು. ಆಮೇಲೆಯೇ ಟಿಕೆಟ್ ಕೊಡುವ ನನ್ನತ್ತ ನೋಟ. ಊರಿಗೆಲ್ಲ ಗೊತ್ತಿರುವುದು ಮಾತ್ರ ಆಕೆಯ ಹಟ: ಮಫ್ಲರ್, ಟೈ, ಕೊನೆಗೆ ಮುತ್ತಿನ ಸರವನ್ನೂ ಬಾಗಿಲ ಬಳಿಯ ಮೊಳೆಗೆ ತೂಗುಹಾಕದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಮೇಯರ್ ಕೂಡ ಟೈ ಬಿಚ್ಚಿಕೊಟ್ಟು, ಹೊಸ ಮದುಮಗನಂತೆ ನಾಚಿಕೊಂಡು ಒಳಹೋದದ್ದುಂಟು. ಮುದುಕಿಯ ಹುಚ್ಚು ಎಂದು ನಾವು ನಗುತ್ತಿದ್ದೆವು. ಗಾಜಿನೊಳಗಿನವನು ಕೆಡದಿರಲೆಂದು ಆ ಕೋಣೆಯನ್ನು ಸದಾ ತಣ್ಣಗಿಡುತ್ತಾರೆ. ಈ ಜನವರಿಯಲ್ಲಿ ಆಕೆ ಎದೆ ಹಿಡಿದು ಕೆಮ್ಮುತ್ತ, ಬರಿಗೊರಳಲ್ಲೇ ಅಲ್ಲಿ ಕೂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ದಾಗ್ನಿಯಮ್ಮ, ಇವತ್ತು ಯಾರೂ ಬಂದಿಲ್ಲ. ಮಫ್ಲರ್ ಸುತ್ಕೊಳ್ಳಿ" ಅಂದೆ. "ಅವನಿದ್ದಾನಲ್ಲ" ಎಂದಳು. ಗಾಜಿನೊಳಗೆ ತಿರುಗಿ ನೋಡಿದೆ. ನಾನು ದಿನವೂ ಕಂಡು ಮರೆತಿದ್ದ ಆ ಚರ್ಮದ ಉರುಳು ಅವನ ಗಲ್ಲದ ಕೆಳಗೆ ಇನ್ನೂ ಬಿಗಿದೇ ಇತ್ತು.